ಅಳಿಯಂದ್ರಿಗೆ ಏನಾಗೇತ್ರಿ?

ಸೋಮವಾರ ಧಾರವಾಡದ ನಮ್ಮ ಲ್ಯಾಬಿಗೆ ಹೊಸ ಆಂಟಿಬಾಡಿ ಬಂತು. ಎಫ್‌ಎಸ್‌ಎಚ್ ಎಂಬ, ಮಕ್ಕಳಾಗಲು ಬೇಕಾದ ಹಾರ್ಮೋನಿನ ಎರಡು ಭಾಗಗಳಲ್ಲಿ ಬೀಟಾ ಭಾಗವನ್ನು ಹಿಡಿಯುವಂಥದ್ದು, ಮೊಲದ ರಕ್ತದಿಂದ ತಯಾರಾದದ್ದು. ಥರ್ಮಾಕೋಲ್ ಡಬ್ಬಿಯ ತುಂಬ ಐಸ್‌ಪ್ಯಾಕ್, ನಡುವೆ ಒಂದು ಸಣ್ಣ ಟ್ಯೂಬು, ಅದರ ತಳದಲ್ಲಿ 100 ಮೈಕ್ರೋಲೀಟರ್. ಅಂದರೆ ಒಂದೆರಡು ಹನಿ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅದರ ಕಸುವು ಹೋಗುತ್ತದೆ, ಅದಕ್ಕೇ ಬೇರೆ ಬೇರೆ ಟ್ಯೂಬಿಗೆ ಹಂಚುತ್ತ ಕೂತಿದ್ದೆ.

ಗಾಜಿನ ಸಾಮಾನು ತೊಳೆಯುವ ಅಕ್ಕಾರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

“ಇದು ಮಕ್ಕಳಾಗೂ ಹಾರ್ಮೋನಿಂದು ಅಂತಲ್ರೀ ಮೇಡಂ? ನಮ್ಮ ಹುಡುಗಿಗೆ ಒಂದು ಹನಿ ಕೊಡಾಕ ಬರ್ತೈತೇನ್ರಿ?”

ವಾರವಿಡೀ ಇದೇ ಮಾತು ಕಿವಿಯಲ್ಲಿದೆ. ಒಂದು ಹನಿ ಕೊಡಾಕ ಬರ್ತೈತೇನ್ರಿ. ಇದು ಔಷಧವಲ್ಲ, ಹಾರ್ಮೋನು ಎಲ್ಲಿದೆ ಎಂದು ಹುಡುಕಿ ತೋರಿಸುವಂಥದ್ದು, ಬರೀ ಸಂಶೋಧನೆಗೆ ಎಂದೆ. ಮಗಳು ಮೆಡಿಕಲ್ ಶಾಪಿನಿಂದ ತರುವ ಗರ್ಭಪರೀಕ್ಷೆಯ ಪಟ್ಟಿಯಲ್ಲೂ ಇಂಥದೇ ಆಂಟಿಬಾಡಿ ಇರುತ್ತದೆ, ಅದು ಹಿಡಿಯುವ ಹಾರ್ಮೋನು ಬೇರೆ, ಅಷ್ಟೇ. “ಆ ಪಟ್ಟಿ ನೋಡಿ ನೋಡಿ ಸಾಕಾಗೇತ್ರಿ ಆಕಿಗೆ” ಎಂದರು.

“ಅಳಿಯಂದ್ರನ್ನ ತಪಾಸ ಮಾಡಿಸೀರೇನ್ರಿ?”

“ಅವರಿಗೇನಾಗೇತ್ರಿ, ಗಟ್ಟಿಮುಟ್ಟ ಅದಾರ.”

ಹುಡುಗಿಗೆ ಸ್ಕ್ಯಾನಿಂಗ್ ಆಗಿದೆ, ರಕ್ತ ತೆಗೆದದ್ದಕ್ಕೆ ಲೆಕ್ಕವಿಲ್ಲ, ಹರಕೆಗಳೂ ಆಗಿವೆ. ಗದಗಿನಲ್ಲಿರುವ ಆಕೆಯ ಅತ್ತೆ ಎರಡನೇ ಮದುವೆಯ ಮಾತು ತೆಗೆದಿದ್ದಾಳಂತೆ. ನಾನು ಕಣ್ಣಾರೆ ನೋಡಿರದ ಆ ಹೆಂಗಸಿನ ಮೇಲೆ ನನಗೆ ವಿಪರೀತ ಸಿಟ್ಟಿದೆ. ಬಾಯಿ ಮುಚ್ಚಿಕೊಂಡು ಕೂತ ಮಗನ ಮೇಲೆ ಅದಕ್ಕಿಂತ ಹೆಚ್ಚು.

ಗುರುವಾರ ಫಲಿತಾಂಶ ಬಂತು. ಈ ಹಾರ್ಮೋನು ತಯಾರಾಗುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ಇಲಿಗಳ ಆ ಗ್ರಂಥಿಯ ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ ಬೇರ್ಪಡಿಸಿ, ಆಂಟಿಬಾಡಿ ಹಚ್ಚಿದ್ದೆವು, ಒಂದು ಸಾಲು ಹೆಣ್ಣಿನದು, ಪಕ್ಕದ್ದು ಗಂಡಿನದು. ಹಾರ್ಮೋನಿನ ಇನ್ನೊಂದು ಭಾಗವಾದ ಆಲ್ಫಾ, ತತ್ತಿ ಹೊರಬರುವಂತೆ ಮಾಡುವ ಎಲ್‌ಎಚ್‌ನಲ್ಲೂ ಥೈರಾಯ್ಡ್ ಕೆರಳಿಸುವ ಟಿಎಸ್‌ಎಚ್‌ನಲ್ಲೂ ಅದೇ ಇರುತ್ತದೆ. ಬೀಟಾ ಭಾಗವೇ ಎಫ್‌ಎಸ್‌ಎಚ್‌ನ ಸ್ವಂತ ಗುರುತು. ಎರಡೂ ಸಾಲಿನಲ್ಲಿ, ಆಂಟಿಬಾಡಿ ಅದನ್ನು ಹಿಡಿದ ಕಡೆ, ಕಪ್ಪು ಗೆರೆ ನಿಚ್ಚಳವಾಗಿ ಮೂಡಿತ್ತು.

ಅಕ್ಕಾರನ್ನು ಕರೆದು ಸ್ಕ್ರೀನ್ ತೋರಿಸಿದೆ. “ಇದು ಹೆಣ್ಣಿಲಿದು, ಇದು ಗಂಡಿಲಿದು. ಎರಡರಾಗೂ ಐತಿ ನೋಡ್ರಿ. ಹೆಣ್ಣಿನಾಗ ತತ್ತಿ ಬಲಿಸೂದೂ ಇದ, ಗಂಡಸಿನಾಗ ವೀರ್ಯಾಣು ತಯಾರಾಗಾಕ ಬೇಕಾಗೂದೂ ಇದ.” ಅವರು ಗಂಡಿನ ಸಾಲಿನ ಮೇಲೆ ಬೆರಳಿಟ್ಟು, “ಹಂಗಾರ ಇವರನ್ನೂ ನೋಡಬೇಕಾಗಿತ್ತಲ್ರೀ” ಎಂದರು.

ಮೊದಲು ಆಗಬೇಕಾದ್ದು ವೀರ್ಯ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ; 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಇದ್ದು ಮಾದರಿ ಕೊಟ್ಟರಾಯಿತು. ಇಷ್ಟು ಸರಳವಾದದ್ದನ್ನು ಬಿಟ್ಟು ಹುಡುಗಿಯನ್ನೇ ಯಾಕೆ ಗೋಳಾಡಿಸುತ್ತಾರೋ.

“ಅಳಿಯಂದ್ರಿಗೆ ಹೆಂಗ ಹೇಳೂದ್ರಿ ಮೇಡಂ?”

ಐತವಾರ ಗಂಡ ಹೆಂಡತಿ ಇಬ್ಬರನ್ನೂ ನಮ್ಮ ಮನೆಗೆ ಚಹಾಕ್ಕೆ ಕರೆತರಲು ಹೇಳಿದ್ದೇನೆ. ಹೇಳುವುದು ನನಗಿರಲಿ. ಅವನು ಬರದಿದ್ದರೆ ಗದಗಿನ ಬಸ್ ಹತ್ತುವವಳು ನಾನೇ.