ಚಪಲ್ ಮಾಡೆಲ್, ಐದನೇ ವಾರ: ಡಬ್ಬಿ ಕಿತ್ತೆ, ಪೈಪ್ ಕೂರಿಸಿದೆ

ಈ ವಾರ ಕಟ್ಟಿದ್ದಕ್ಕಿಂತ ಕಿತ್ತಿದ್ದೇ ಜಾಸ್ತಿ.

ಹೊಸಬರಿಗೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮಾಡೆಲ್ ಇದು. ಅಳತೆ ನೂರಕ್ಕೊಂದು. ಹಡಗು ಸುಮಾರು 38.6 ಮೀಟರ್, ನನ್ನದು 38.6 ಸೆಂಟಿಮೀಟರ್. ಲೆಕ್ಕ ಸುಲಭ ಅಂತಲೇ ಈ ಅಳತೆ.

ಹೋದ ವಾರ ನಾಲ್ಕು ಕ್ಷಿಪಣಿ ಗೂಡುಗಳನ್ನು ಮೌಂಟ್ ಬೋರ್ಡಿನಲ್ಲಿ ಚೌಕ ಡಬ್ಬಿಗಳ ಹಾಗೆ ಮಾಡಿ ಅಂಟಿಸಿದ್ದೆ. 1971ರ ಯುದ್ಧದ ಫೋಟೊ ಮುಂದಿಟ್ಟುಕೊಂಡು ಮಾಡಿದ್ದು. ಚಪಲ್ ಕರಾಚಿಗೆ ಹೋಗಿ ಬಂದ ಹಡಗು ಅಂತ ಸುಮಾರು ಜನ ಹೇಳ್ತಾರಲ್ವಾ? ನಾನೂ ನಂಬಿದ್ದೆ. ಶನಿವಾರ ಅಳತೆ ಟೇಪ್ ಹಿಡಿದು ಹೋಗಿ ನೋಡಿದರೆ ಗೂಡುಗಳು ದುಂಡಗಿವೆ! ಡ್ರಮ್ಮನ್ನು ಅಡ್ಡ ಮಲಗಿಸಿದ ಹಾಗೆ.

ಮನೆಗೆ ಬಂದು ಓದಿದೆ. ಕರಾಚಿ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಮೂರೂ ರಷ್ಯಾದ ಒಸಾ ದೋಣಿಗಳ ಮೊದಲ ಮಾದರಿ. ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ, ಅದು ಎರಡನೇ ಮಾದರಿ. ಅಷ್ಟರಲ್ಲಿ ಮಡಚುವ ರೆಕ್ಕೆಯ ಕ್ಷಿಪಣಿ ಬಂದಿತ್ತು. ರೆಕ್ಕೆ ಮಡಚಿದರೆ ಅಗಲದ ಡಬ್ಬಿ ಯಾಕೆ? ದುಂಡು ಗೂಡೇ ಸಾಕು. ಆ ಯುದ್ಧ ನೋಡದಿದ್ದರೇನು, 2005ರವರೆಗೆ ದುಡಿದಿದೆ.

ಬ್ಲೇಡ್ ಹಾಕಿ ಡಬ್ಬಿಗಳನ್ನು ಎಬ್ಬಿಸಿದೆ. ಡೆಕ್ಕಿನ ಸಿಪ್ಪೆಯೂ ಒಂದು ಕಡೆ ಎದ್ದು ಬಂತು, ತೇಪೆ ಹಾಕಿದ್ದೇನೆ. ವೈರಿಂಗ್ ಪೈಪನ್ನು ನಾಲ್ಕು ತುಂಡು ಮಾಡಿ ಉಪ್ಪುಕಾಗದದಲ್ಲಿ ತಿಕ್ಕಿದೆ. ಹಿಂದಿನ ಜೋಡಿ ಸ್ವಲ್ಪ ಎತ್ತರದಲ್ಲಿ ಕೂರಬೇಕು, ಅದರ ಕ್ಷಿಪಣಿ ಮುಂದಿನ ಗೂಡಿನ ತಲೆ ಮೇಲೆ ಹಾದು ಹೋಗಬೇಕಲ್ಲ. ಅದಕ್ಕೆ ಐಸ್‌ಕ್ರೀಂ ಕಡ್ಡಿ ಒತ್ತು ಕೊಟ್ಟೆ. ತೋಪಿನ ನಳಿಗೆಗಳಿಗೆ ಗುಂಡುಸೂಜಿ.

ಶನಿವಾರ ವಾಪಸ್ ಬರುವಾಗ ಮರಳಿನಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ಪಕ್ಕದಲ್ಲೊಂದು ಪಾತಿ ದೋಣಿ. ಸುಮ್ನೆ ಟೇಪ್ ಹಿಡಿದೆ. ‘ಎಂಥ, ತಗೊಳ್ಳೂದುಂಟಾ?’ ಅಂತ ಹಿರಿಯರೊಬ್ಬರು ಕೇಳಿದರು. ನಗು ಬಂತು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರಲ್ಲಿ ಮೀನುಗಾರರೂ ಇದ್ದರು. ಹಡಗಿನ ಪಕ್ಕ ಅವರ ದೋಣಿ ಇಲ್ಲದಿದ್ದರೆ ಅದೆಂಥ ಕಾರವಾರ ಅನ್ನಿಸಿತು.

ಹಾಗಾಗಿ ಕೆಲಸದ ಪಟ್ಟಿಗೆ ಏಳು ಸೆಂಟಿಮೀಟರಿನ ಪಾತಿಯೊಂದು ಸೇರಿದೆ. ಒಂದೇ ಮರದ ತುಂಡನ್ನು ಕೊರೆದು ಮಾಡಬೇಕು, ನಿಜವಾದದ್ದರ ಹಾಗೇ. ಯುದ್ಧನೌಕೆಗಿಂತ ಇದೇ ಕಷ್ಟ. ಎರಡು ಸೀಳಿ ಹೋದವು. ಮೂರನೆಯದರ ಹೊಟ್ಟೆ ಅರ್ಧ ಕೊರೆದಿದ್ದೇನೆ.