ಓನರ್ ಮನೆ ಮಾರುತ್ತಿದ್ದಾರೆ: ಮೊದಲ ಪಾರ್ಟಿ ನೋಡಲು ಬರುವ ಮುಂಚೆ ಬಾಡಿಗೆಯವರು ಮಾಡಬೇಕಾದ ಕೆಲಸ

"ಮನೆ ಮಾರಾಟಕ್ಕೆ ಹಾಕಿದ್ದೀವಿ, ಬ್ರೋಕರ್ ಫೋನ್ ಮಾಡ್ತಾರೆ, ಸ್ವಲ್ಪ ತೋರಿಸಿಬಿಡಿ." ಬೆಂಗಳೂರಿನ ಬಾಡಿಗೆಯವರಿಗೆ ಸುದ್ದಿ ಮುಟ್ಟುವುದು ಹೆಚ್ಚಾಗಿ ಇಷ್ಟೇ ಮಾತಿನಲ್ಲಿ. "ಆಯ್ತು ಸರ್" ಎಂದು ಫೋನ್ ಇಟ್ಟರೆ ಆ ವಾರದಿಂದಲೇ ಹೊತ್ತುಗೊತ್ತಿಲ್ಲದೆ ಬೆಲ್ ಬಾರಿಸಲು ಶುರು. ಓನರ್ ಹೇಳಿದ ದಿನಕ್ಕೂ ಮೊದಲ ಪಾರ್ಟಿ ಬಾಗಿಲಿಗೆ ಬರುವ ದಿನಕ್ಕೂ ನಡುವೆ ಸಿಗುವ ನಾಲ್ಕಾರು ದಿನವೇ ಬಾಡಿಗೆಯವರ ಕೈ ಮೇಲಿರುವ ಕಾಲ. ಮನೆ ಅಚ್ಚುಕಟ್ಟಾಗಿ ಕಾಣಬೇಕು, ಹೇಳಿದ ಹೊತ್ತಿಗೆ ಬಾಗಿಲು ತೆಗೆಯಬೇಕು, ಬಂದವರ ಜೊತೆ ಮುಖ ಕೊಟ್ಟು ಮಾತಾಡಬೇಕು. ಇದೆಲ್ಲ ನಿಮ್ಮಿಂದಲೇ ಆಗಬೇಕು ಎಂಬುದು ಓನರ್‌ಗೂ ಗೊತ್ತು. ಕೇಳುವುದೇನಿದ್ದರೂ ಆಗಲೇ ಕೇಳಿ, ಬರಹದಲ್ಲಿ ಕೇಳಿ.

ಮೊದಲು ಅಗ್ರಿಮೆಂಟ್ ತೆಗೆದು ಮೂರು ವಿಷಯ ನೋಡಿಕೊಳ್ಳಿ: ಅವಧಿ ಯಾವತ್ತಿಗೆ ಮುಗಿಯುತ್ತದೆ, ನೋಟಿಸ್ ಎಷ್ಟು ತಿಂಗಳು, ಮನೆ ಪರಿಶೀಲನೆಗೆ ಬರುವ ಬಗ್ಗೆ ಏನು ಬರೆದಿದೆ. 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೂ ಹೊಸದು ಮಾಡಿಸದೆ ಬಾಡಿಗೆ ಕಟ್ಟುತ್ತಾ ಇದ್ದುಬಿಡುವವರು ಬಹಳ. ಅಂಥ ಮನೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಬೇರೆ ಕರಾರು ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಅದಕ್ಕೆ 15 ದಿನದ ನೋಟಿಸ್ ಸಾಕು. ಮಾರಲು ಹೊರಟ ಓನರ್ ಅಗ್ರಿಮೆಂಟ್ ನವೀಕರಿಸಲು ಒಪ್ಪುವುದು ಕಷ್ಟ. ಆದರೆ "ಖಾಲಿ ಮಾಡಿಸಬೇಕಾದರೆ ಎರಡು ತಿಂಗಳು ಮೊದಲೇ ತಿಳಿಸುತ್ತೇನೆ" ಎಂಬ ಒಂದು ಸಾಲನ್ನು ವಾಟ್ಸಾಪಿನಲ್ಲಿ ಬರೆದುಕೊಡಲು ಯಾರೂ ಅಷ್ಟಾಗಿ ಹಿಂಜರಿಯುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಕಾಪಾಡುತ್ತದೆ ಎಂದು ನಂಬಿ ಕೂರಬೇಡಿ. ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳು ಅದರ ವ್ಯಾಪ್ತಿಗೇ ಬರುವುದಿಲ್ಲ.

ಇನ್ನು, ಕೊಳ್ಳುವವರಿಗೆ ಮನೆ ತೋರಿಸಲೇಬೇಕೇ? ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಎರಡೂ ಕಡೆ ಮಾತಾಡುತ್ತದೆ. ಬಾಡಿಗೆ ಸರಿಯಾಗಿ ಕಟ್ಟುವವರು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬೇಕು ಎನ್ನುತ್ತದೆ. ಓನರ್ ಮತ್ತು ಅವರ ಏಜೆಂಟರು ಸೂಕ್ತ ಹೊತ್ತಿನಲ್ಲಿ ಬಂದು ಮನೆಯ ಸ್ಥಿತಿ ನೋಡಲು ಬಿಡಬೇಕು ಎಂದೂ ಹೇಳುತ್ತದೆ. ಗಿರಾಕಿಗಳನ್ನು ಕರೆತರುವ ವಿಚಾರ ಅಲ್ಲಿ ಬರೆದಿಲ್ಲ, ಅದು ಅಗ್ರಿಮೆಂಟಿಗೆ ಮತ್ತು ನಿಮ್ಮಿಬ್ಬರ ಒಪ್ಪಂದಕ್ಕೆ ಬಿಟ್ಟದ್ದು. ಪೂರ್ತಿ ನಿರಾಕರಿಸುವುದು ಜಾಣತನ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಅಡ್ವಾನ್ಸ್ ಇನ್ನೂ ಅವರ ಕೈಯಲ್ಲಿದೆ. ಹೊತ್ತನ್ನು ನೀವೇ ಗೊತ್ತುಮಾಡಿ, ಬೇಕಾದಷ್ಟು ತೋರಿಸಿ.

ವಾರಕ್ಕೆ ಎರಡು ಹೊತ್ತು ಸಾಕು. ಶನಿವಾರ ಸಂಜೆ 4ರಿಂದ 6, ಭಾನುವಾರ ಬೆಳಗ್ಗೆ 10:30ರಿಂದ 12:30. ಕೆಲಸಕ್ಕೆ ಹೋಗುವ ಗಿರಾಕಿಗಳಿಗೂ ಅದೇ ಅನುಕೂಲ. ಸಂದೇಶ ಹೀಗಿರಲಿ:

"ಸರ್, ನಮಸ್ಕಾರ. ಮನೆ ತೋರಿಸಲು ನಮ್ಮ ಅಭ್ಯಂತರ ಇಲ್ಲ. ಶನಿವಾರ 4ರಿಂದ 6, ಭಾನುವಾರ 10:30ರಿಂದ 12:30ಕ್ಕೆ ಕಳಿಸಿ. ಒಂದು ದಿನ ಮೊದಲೇ ಬರುವವರ ಹೆಸರು, ಫೋನ್ ನಂಬರ್ ನಿಮ್ಮಿಂದಲೇ ಬರಲಿ. ಬ್ರೋಕರ್‌ಗಳಿಗೆ ನಮ್ಮ ನಂಬರ್ ಕೊಡಬೇಡಿ. ನಾವು ಇಲ್ಲದಾಗ ಮನೆ ತೆರೆಯುವುದು ಬೇಡ. ನಮ್ಮ ಅಡ್ವಾನ್ಸ್ 2,50,000 ರೂಪಾಯಿ ತಮ್ಮ ಬಳಿ ಇದೆ, ಅದರ ಬಗ್ಗೆ ಮಾರಾಟದ ಕರಾರಿನಲ್ಲಿ ಬರೆಸಿ. ದಯವಿಟ್ಟು ಒಪ್ಪಿಗೆ ತಿಳಿಸಿ."

ಕೊನೆಯ ಎರಡು ಸಾಲು ಮುಖ್ಯ. "ಓಕೆ" ಎಂದು ಒಂದು ಪದ ಬಂದರೂ ಅಡ್ವಾನ್ಸ್ ಎಷ್ಟು ಎಂಬುದಕ್ಕೆ ಓನರ್ ಒಪ್ಪಿದ ದಾಖಲೆ ಅದು. ಹಳೇ ಅಡ್ವಾನ್ಸನ್ನು ನಗದಾಗಿ ಕೊಟ್ಟವರು, ವರ್ಷಕ್ಕೊಮ್ಮೆ ಅಷ್ಟಿಷ್ಟು ಸೇರಿಸುತ್ತಾ ಹೋದವರು ಇದನ್ನು ಬಿಡಲೇಬಾರದು.

ನಂಬರ್ ಕೊಡಬೇಡಿ ಎನ್ನುವುದಕ್ಕೂ ಕಾರಣ ಇದೆ. ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಬೆಲೆಯ ಶೇ 1ರಿಂದ 2. ಒಂದೇ ಮನೆಯನ್ನು ಹಲವು ಬ್ರೋಕರ್‌ಗಳು ಹಿಡಿದಿರುತ್ತಾರೆ, ಯಾರು ಮೊದಲು ತೋರಿಸಿದರೋ ಗಿರಾಕಿ ಅವರ ಲೆಕ್ಕಕ್ಕೆ. ಅದಕ್ಕೇ "ಮೇಡಂ, ಪಾರ್ಟಿ ಕೆಳಗೇ ಇದಾರೆ, ಐದೇ ನಿಮಿಷ" ಎಂಬ ಅವಸರ. ಉತ್ತರ ಪ್ರತಿ ಸಲವೂ ಒಂದೇ ಇರಬೇಕು: "ಓನರ್ ಹತ್ರ ಮಾತಾಡಿ, ಶನಿವಾರ ನಾಲ್ಕಕ್ಕೆ ಕರ್ಕೊಂಡು ಬನ್ನಿ." ಒಂದು ಸಲ ಸಡಿಲ ಬಿಟ್ಟರೆ ಆ ಬ್ರೋಕರ್ ಇನ್ನೊಬ್ಬನಿಗೂ ಹೇಳುತ್ತಾನೆ. ಅಪಾರ್ಟ್‌ಮೆಂಟ್ ಆದರೆ ಸೆಕ್ಯೂರಿಟಿಯವರಿಗೆ ಮೊದಲೇ ತಿಳಿಸಿ: ನಮ್ಮ ಫ್ಲಾಟಿಗೆ ಬ್ರೋಕರ್ ಯಾರೇ ಬಂದರೂ ನಮ್ಮನ್ನು ಕೇಳದೆ ಬಿಡಬೇಡಿ. ಬಿಡಿ ಮನೆಯಾದರೆ ಗೇಟಿನ "ಮಾರಾಟಕ್ಕಿದೆ" ಬೋರ್ಡಿನಲ್ಲಿ ಓನರ್ ನಂಬರ್ ಜೊತೆ "ಫೋನ್ ಮಾಡಿ ಬನ್ನಿ" ಎಂದು ಬರೆಸಿ. ಆ ಮೂರು ಪದ ಇಲ್ಲದಿದ್ದರೆ ದಾರಿಹೋಕರೆಲ್ಲ ಬೆಲ್ ಒತ್ತುತ್ತಾರೆ.

ರಾತ್ರಿ ಪಾಳಿ ಮುಗಿಸಿ ಮಲಗಿರುವವರು, ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅದನ್ನೂ ಹೇಳಿ. ಮಗಳಿಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಪರೀಕ್ಷೆ ಇದ್ದರೆ ಆ ವಾರಗಳನ್ನು ಪೂರ್ತಿ ಬಿಡಿಸಿಕೊಳ್ಳಿ. ಕಾರಣ ತಿಳಿದರೆ ಒಪ್ಪುವ ಓನರ್‌ಗಳೇ ಹೆಚ್ಚು.

ನೋಡಲು ಬರುವ ದಿನದ ಸಿದ್ಧತೆ ಅರ್ಧ ಗಂಟೆಯದ್ದು. ಒಡವೆ, ನಗದು, ಪಾಸ್‌ಪುಸ್ತಕ, ಆಧಾರ್, ಲ್ಯಾಪ್‌ಟಾಪ್, ಔಷಧಿ ಎಲ್ಲವನ್ನೂ ಒಂದೇ ಬೀರುವಿನಲ್ಲಿಟ್ಟು ಬೀಗ ಹಾಕಿ. ಫ್ರಿಜ್ ಮೇಲೆ ಅಂಟಿಸಿದ ಮಕ್ಕಳ ಶಾಲೆಯ ವೇಳಾಪಟ್ಟಿ, ಸ್ಕೂಲ್ ವ್ಯಾನಿನವರ ನಂಬರ್, ಐಡಿ ಕಾರ್ಡ್ ತೆಗೆದಿಡಿ. ಬ್ರೋಕರ್ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ. ವಿಡಿಯೋ ತೆಗೆದು ಸ್ಟೇಟಸ್ಸಿಗೆ, ಜಾಲತಾಣಕ್ಕೆ ಹಾಕುವುದು ಈಗ ಮಾಮೂಲು. ಅದರಲ್ಲಿ ನಿಮ್ಮ ದೇವರ ಮನೆಯ ಬೆಳ್ಳಿ ದೀಪ, ಟಿವಿ, ಮಕ್ಕಳ ಫೋಟೋ ಎಲ್ಲ ಊರಿಗೇ ಕಾಣುತ್ತವೆ. ಇದಕ್ಕೆ ಒಳ್ಳೆಯ ಉಪಾಯ ಎಂದರೆ ನೀವೇ ಒಂದು ಬೆಳಗ್ಗೆ ಸಾಮಾನು ಸರಿಸಿ ಎರಡು ಮೂರು ನಿಮಿಷದ ವಿಡಿಯೋ ತೆಗೆದು ಓನರ್‌ಗೆ ಕೊಡುವುದು. "ಇದನ್ನೇ ಎಲ್ಲರಿಗೂ ಕಳಿಸಿ, ಒಳಗೆ ಬೇರೆ ಯಾರೂ ತೆಗೆಯುವುದು ಬೇಡ." ಇದರಿಂದ ಇನ್ನೊಂದು ಲಾಭವೂ ಇದೆ. ಎರಡನೇ ರೂಮು ಚಿಕ್ಕದು, ಅಡುಗೆಮನೆ ಆಗ್ನೇಯದಲ್ಲಿಲ್ಲ ಎಂದು ಬಾಗಿಲಿಂದಲೇ ವಾಪಸಾಗುವವರು ವಿಡಿಯೋ ನೋಡಿಯೇ ಬಿಟ್ಟುಬಿಡುತ್ತಾರೆ. ಮನೆಗೆ ಬರುವವರ ಸಂಖ್ಯೆ ನಿಜವಾಗಿಯೂ ಇಳಿಯುತ್ತದೆ.

ಮನೆಯಲ್ಲಿ ದೊಡ್ಡವರು ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ತೋರಿಸುತ್ತಾ ಹೋಗಲಿ, ಇನ್ನೊಬ್ಬರು ಹಾಲ್‌ನಲ್ಲೇ ಇರಲಿ. ಕುಟುಂಬ ಸಮೇತ ಆರೇಳು ಜನ ಬಂದಾಗ ಒಬ್ಬರು ಬಾಲ್ಕನಿಗೆ, ಒಬ್ಬರು ಬೆಡ್‌ರೂಮಿಗೆ ಚದುರಿಬಿಡುತ್ತಾರೆ, ವಸ್ತು ಕಾಣೆಯಾಗುವುದು ಆಗಲೇ. ಎಲ್ಲರೂ ಒಟ್ಟಿಗೆ ಬನ್ನಿ ಎಂದು ಬಾಗಿಲಲ್ಲೇ ಹೇಳಿ, ಚಪ್ಪಲಿ ಹೊರಗೇ ಬಿಡಿಸಿ. ಗೋಡೆಗೆ ಕೂಡಿಸಿದ ವಾರ್ಡ್‌ರೋಬ್ ಮನೆಯ ಜೊತೆ ಮಾರಾಟವಾಗುವಂಥದ್ದು, ಒಂದು ಬಾಗಿಲು ತೆಗೆದು ತೋರಿಸಿ. ನಿಮ್ಮ ಬೀರು, ಫ್ರಿಜ್ ತೆಗೆಯುವ ಹಾಗಿಲ್ಲ. ನಲ್ಲಿ ತಿರುಗಿಸಿ ನೋಡುವುದು, ಬಾತ್‌ರೂಮಿನ ಗೋಡೆಯ ತೇವ ಮುಟ್ಟಿ ನೋಡುವುದು, ಸಂಪು ಇಣುಕುವುದು ನ್ಯಾಯವಾದದ್ದು, ಬಿಡಿ. ಹದಿನೈದು ಇಪ್ಪತ್ತು ನಿಮಿಷ ಸಾಕು. ಒಬ್ಬಂಟಿ ಹೆಣ್ಣುಮಗಳು ಇರುವ ಮನೆಯಾದರೆ ಓನರ್ ಅಥವಾ ಅವರ ಮನೆಯವರು ಖುದ್ದು ಬಂದು ತೋರಿಸಬೇಕು ಎಂದು ಕೇಳಿ, ಇದರಲ್ಲಿ ಸಂಕೋಚ ಬೇಡವೇ ಬೇಡ. ಯಾರಾದರೂ ಬಲವಂತವಾಗಿ ನುಗ್ಗಿದರೆ 112ಕ್ಕೆ ಫೋನ್ ಮಾಡಿ.

ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನೀರು ಹೇಗೆ? ಕಾವೇರಿ ನೀರು ವಾರಕ್ಕೆ ಎಷ್ಟು ಸಲ, ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದಾ, ಟ್ಯಾಂಕರ್ ತರಿಸುತ್ತೀರಾ? ಇದ್ದದ್ದನ್ನು ಇದ್ದಂತೆ ಹೇಳಿ. ಮನೆಯನ್ನು ಹೊಗಳಿ ಮಾರುವ ಜವಾಬ್ದಾರಿ ನಿಮ್ಮದಲ್ಲ, ಕೆಡಿಸುವ ಕೆಲಸವೂ ಬೇಡ. ಬೆಲೆ, ಖಾತಾ, ಪ್ಲಾನ್ ಬಗ್ಗೆ ಕೇಳಿದರೆ "ಓನರ್‌ನೇ ಕೇಳಿ" ಸಾಕು. "ಯಾವಾಗ ಖಾಲಿ ಮಾಡ್ತೀರಿ?" ಎಂಬ ಪ್ರಶ್ನೆಗೆ ಬಾಯಿಮಾತಿನ ತಾರೀಖು ಯಾವತ್ತೂ ಕೊಡಬೇಡಿ. "ಅಗ್ರಿಮೆಂಟ್ ಪ್ರಕಾರ ನೋಟಿಸ್ ಬಂದ ಮೇಲೆ, ಅಡ್ವಾನ್ಸ್ ಕೈಗೆ ಬಂದ ದಿನ" ಎಂಬುದೇ ಉತ್ತರ.

ಅಡ್ವಾನ್ಸ್ ಎಷ್ಟು ಎಂದು ಅವರು ಕೇಳದಿದ್ದರೂ ನೀವೇ ಹೇಳಿ. ಮನೆ ತೋರಿಸುವುದನ್ನು ಬರೀ ಕಿರಿಕಿರಿ ಎಂದುಕೊಂಡವರು ಕಳೆದುಕೊಳ್ಳುವುದು ಇಲ್ಲೇ. ಎದುರಿಗೆ ನಿಂತವರು ನಾಳೆಯ ಓನರ್ ಆಗಬಹುದು, ಇಷ್ಟು ದುಡ್ಡು ಕೊಟ್ಟು ನಾವಿಲ್ಲಿ ಇದ್ದೇವೆ ಎಂಬುದು ಅವರ ಕಿವಿಗೆ ಬೀಳಬೇಕು. ಮನೆಯಲ್ಲಿ ವಾಸವಿರುವವರ ಹಕ್ಕಿನ ಬಗ್ಗೆ ಕೊಳ್ಳುವವರಿಗೆ ತಿಳಿದಿತ್ತು ಎಂದೇ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮಿನ ವಿವರಣೆ ಭಾವಿಸುತ್ತದೆ. "ಬಾಡಿಗೆಯವರು ಇದ್ದಾರೆಂದು ಗೊತ್ತಿರಲಿಲ್ಲ" ಎನ್ನಲು ಅವರಿಗೆ ದಾರಿಯಿಲ್ಲ. ಕೊಳ್ಳುವವರ ಸಾಲಕ್ಕಾಗಿ ಮನೆಯ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯುಯರ್ ಬಂದು ಅಳತೆ ತೆಗೆದುಕೊಂಡು ಯಾರು ಇದ್ದಾರೆ, ಬಾಡಿಗೆ ಎಷ್ಟು ಎಂದು ಕೇಳಿದರೂ ಸರಿಯಾದ ಉತ್ತರ ಕೊಡಿ. ನೆಂಟರು ಎಂದು ಹೇಳಿ ಎಂದು ಓನರ್ ಒತ್ತಾಯಿಸಿದರೆ ಒಪ್ಪಬೇಡಿ. ನೆಂಟರಾದವರಿಗೆ ಅಡ್ವಾನ್ಸ್ ಎಲ್ಲಿಂದ ಬಂತು ಎಂದು ನಾಳೆ ಕೇಳುತ್ತಾರೆ.

ಭೋಗ್ಯಕ್ಕೆ ಇರುವವರ ಸ್ಥಿತಿ ಇನ್ನೂ ಸೂಕ್ಷ್ಮ. ಹದಿನೈದು ಇಪ್ಪತ್ತು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷಕ್ಕೆ ಇರುವವರು ಇವರು, ಬರೀ ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡವರೇ ಬಹಳ. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತದೆ. ನೋಂದಣಿಯಾಗಿದ್ದರೆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ (ಇಸಿ) ಕಾಣುತ್ತದೆ, ಕೊಳ್ಳುವವರ ವಕೀಲರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಆಗಿಲ್ಲದಿದ್ದರೆ ನೀವೇ ಮುಂದೆ ಬರಬೇಕು. ಓನರ್ ಕೈಯಲ್ಲಿ ನಿಮ್ಮ ದುಡ್ಡು ಉಳಿದಿರುವುದು ಅಪರೂಪ, ಮಾರಿ ಬಂದ ಹಣದಲ್ಲೇ ಕೊಡುವುದು ಅವರ ಲೆಕ್ಕ. ಹಾಗಾಗಿ ಸೇಲ್ ಅಗ್ರಿಮೆಂಟಿನಲ್ಲೇ ನಿಮ್ಮ ಮೊತ್ತ ಬರೆದು, ಬೆಲೆಯಲ್ಲಿ ಅಷ್ಟನ್ನು ಹಿಡಿದು, ಕೊಳ್ಳುವವರು ನೇರವಾಗಿ ನಿಮ್ಮ ಹೆಸರಿಗೆ ಡಿಡಿ ಅಥವಾ ಆರ್‌ಟಿಜಿಎಸ್ ಮಾಡುವ ಏರ್ಪಾಡು ಆಗಬೇಕು. ಇದಕ್ಕೆ ಒಪ್ಪದಿದ್ದರೆ ಓನರ್ ಮತ್ತು ಕೊಳ್ಳುವವರು ಇಬ್ಬರಿಗೂ ವಕೀಲರಿಂದ ನೋಟಿಸ್ ಕೊಡಿಸಿ, ಸ್ಪೀಡ್ ಪೋಸ್ಟಿನಲ್ಲೇ ಹೋಗಲಿ. ದುಡ್ಡು ಖಾತೆಗೆ ಬೀಳುವ ಮೊದಲು ಕೀ ಕೊಡಬೇಡಿ.

ಓನರ್‌ಗೆ ಮನೆ ಬೇಗ ಮಾರಬೇಕಿದ್ದರೆ ನೀವೂ ಕೇಳಬಹುದಾದ್ದು ಕೆಲವಿವೆ. ಮಾರಾಟದ ತಿಂಗಳುಗಳಲ್ಲಿ ಬಾಡಿಗೆಯಲ್ಲಿ ಸ್ವಲ್ಪ ಕಡಿತ, ಬೇಗ ಬಿಡಬೇಕಾದರೆ ಸಾಮಾನು ಸಾಗಿಸುವ ಖರ್ಚು. ಇವು ಹಕ್ಕಲ್ಲ, ಚೌಕಾಸಿ. ಪೈಂಟಿಂಗ್ ವಿಷಯವನ್ನಂತೂ ಕೇಳಲೇಬೇಕು. ಹೊಸಬರು ಹೇಗೂ ಟೈಲ್ಸ್, ಬಣ್ಣ ಎಲ್ಲ ಕಿತ್ತು ಹೊಸದು ಮಾಡುವಾಗ ನಿಮ್ಮ ಅಡ್ವಾನ್ಸಿನಲ್ಲಿ ಪೈಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದರಲ್ಲಿ ಅರ್ಥವಿಲ್ಲ. ಓನರ್ ಮೇಲೆ ನಂಬಿಕೆ ಕಡಿಮೆಯಿದ್ದರೆ ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಒಪ್ಪಿಗೆ ಪಡೆಯಿರಿ, ಬರಹದಲ್ಲಿ. ಒಪ್ಪಿಗೆಯಿಲ್ಲದೆ ಬಾಡಿಗೆ ನಿಲ್ಲಿಸಿದರೆ ಬಾಕಿದಾರ ನೀವೇ ಆಗುತ್ತೀರಿ.

ಮಾರಾಟ ಆಯಿತು ಎಂದ ಮಾತ್ರಕ್ಕೆ ಬಾಡಿಗೆ ಮುಗಿಯುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಹೊಸಬರು ಹಳೇ ಓನರ್ ಜಾಗಕ್ಕೆ ಬರುತ್ತಾರೆ, ಅಗ್ರಿಮೆಂಟಿನ ಅವಧಿ ಹಾಗೇ ನಡೆಯುತ್ತದೆ. ಮಾರಾಟವಾದದ್ದು ತಿಳಿಯದೆ ಹಳಬರಿಗೇ ಬಾಡಿಗೆ ಕಟ್ಟಿದ್ದರೆ ಹೊಸಬರಿಗೆ ಮತ್ತೆ ಕಟ್ಟಬೇಕಿಲ್ಲ ಎಂದೂ ಅಲ್ಲೇ ಇದೆ. ಆದರೂ "ನಾನೇ ಹೊಸ ಓನರ್, ಈ ನಂಬರಿಗೆ ಹಾಕಿ" ಎಂಬ ಫೋನ್ ನಂಬಿ ದುಡ್ಡು ಕಳಿಸಬೇಡಿ. ಕ್ರಯಪತ್ರದ ಪ್ರತಿ ಕೇಳಿ, ಇಬ್ಬರ ಸಹಿ ಇರುವ ಒಂದು ಪತ್ರ ಕೇಳಿ: ಯಾವ ತಾರೀಖಿನಿಂದ ಬಾಡಿಗೆ ಯಾರಿಗೆ, ಅಡ್ವಾನ್ಸ್ ಎಷ್ಟು, ಅದು ಹೊಸಬರ ಕೈಗೆ ಬಂದಿದೆಯೇ, ವಾಪಸ್ ಕೊಡುವವರು ಯಾರು. ಹೊಸಬರ ಜೊತೆ ಮುಂದುವರಿದರೆ ಹೊಸ ಅಗ್ರಿಮೆಂಟಿನಲ್ಲಿ ಅದೇ ಮೊತ್ತ ಬರಬೇಕು. "ಅಡ್ವಾನ್ಸ್ ಹಳೇ ಓನರ್ ಹತ್ರ ಇಸ್ಕೊಳ್ಳಿ", "ಹೊಸಬರ ಹತ್ರ ಇಸ್ಕೊಳ್ಳಿ" ಎಂದು ಇಬ್ಬರೂ ಕೈ ತೋರಿಸುವ ಜಗಳ ಶುರುವಾಗುವುದು ಈ ಒಂದು ಹಾಳೆ ಇಲ್ಲದಿರುವುದರಿಂದಲೇ.

ನೋಟಿಸ್ ಇಲ್ಲದೆ ಬೀಗ ಬದಲಿಸಿ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಸ್ವಾಧೀನ ಮರಳಿ ಪಡೆಯಲು ದಾವೆ ಹೂಡಬಹುದು, ಆರು ತಿಂಗಳ ಒಳಗೆ. ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ ಆಗ ಬಹಳ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಇನ್ನು ಮುಂದೆ ನಗದು ಬೇಡ.

ಖಾಲಿ ಮಾಡುವ ದಿನ ಸಾಮಾನು ಇಳಿಸಿದ ಮೇಲೆ ಪ್ರತಿ ರೂಮಿನ ವಿಡಿಯೋ, ಕರೆಂಟ್ ಮೀಟರಿನ ಫೋಟೋ ತೆಗೆದುಕೊಳ್ಳಿ. ಕೊನೆಯ ಬಿಲ್, ನೀರಿನ ಬಾಕಿ, ಮೇಂಟೆನೆನ್ಸ್ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಉಳಿದ ಅಡ್ವಾನ್ಸ್ ಖಾತೆಗೆ ಬಂದದ್ದನ್ನು ಮೊಬೈಲಿನಲ್ಲಿ ಅಲ್ಲೇ ನೋಡಿಕೊಂಡು ಕೀ ಕೊಡಿ. ಚೆಕ್ ಕೊಟ್ಟರೆ ಅದು ಪಾಸಾಗುವವರೆಗೆ ಒಂದು ರೂಮಿನಲ್ಲಿ ನಾಲ್ಕು ಸಾಮಾನು ಉಳಿಸಿ ಬೀಗ ನಿಮ್ಮದೇ ಇರಲಿ.