ನನ್ನ ಕಾರು ಬೆಂಗಳೂರಿನಲ್ಲಿ ನಿಜಕ್ಕೂ ಎಷ್ಟು ಕೊಡುತ್ತೆ? ಜೂನ್‌ನಿಂದ ಅಕ್ಟೋಬರ್‌ವರೆಗಿನ ಲೆಕ್ಕ

ಜೂನ್ 2025

ಕಂಪನಿಯ ಕಾಗದದಲ್ಲಿ ಲೀಟರಿಗೆ 20 ಕಿಲೋಮೀಟರ್ ಚಿಲ್ಲರೆ ಎಂದಿದೆ. ಡ್ಯಾಶ್‌ಬೋರ್ಡ್ 11 ಅನ್ನುತ್ತದೆ. ಬಂಕಿಗೆ ಕೊಡುವ ದುಡ್ಡು ನೋಡಿದರೆ ಅದೂ ಜಾಸ್ತಿಯಾಯಿತು ಅನಿಸುತ್ತದೆ. ಸರಿಯಾಗಿ ಬರೆದಿಟ್ಟು ನೋಡೋಣ ಅಂತ ಶುರು ಮಾಡಿದೆ. ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೈ ಗೇರು. ದಿನದ ಓಡಾಟ ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ.

ಮೊದಲು ಆ 20ರ ವಿಷಯ. ಅದು ಸುಳ್ಳಲ್ಲ, ಆದರೆ ರಸ್ತೆಯದ್ದೂ ಅಲ್ಲ. ಲ್ಯಾಬಿನಲ್ಲಿ ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. 1180 ಸೆಕೆಂಡ್, ಸುಮಾರು ಹತ್ತೂವರೆ ಕಿಲೋಮೀಟರ್, ಗರಿಷ್ಠ ವೇಗ ಗಂಟೆಗೆ 90. ಎಸಿ ಆಫ್. ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರ್ ಬರುತ್ತದೆ. ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ ಬೇಕು ಎಂದು ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿ 2022ರಲ್ಲಿ ಲೆಕ್ಕ ಹಾಕಿತ್ತು. ಅಂದರೆ ಗಂಟೆಗೆ 20ರ ಹತ್ತಿರ. ನನ್ನ ದಾರಿಯಲ್ಲಿ ಅದಕ್ಕಿಂತಲೂ ಕಡಿಮೆ.

ಅಳೆಯುವ ವಿಧಾನ ಹಳೆಯದೇ: ಫುಲ್ ಟ್ಯಾಂಕ್ ಮಾಡಿಸು, ಟ್ರಿಪ್ ಮೀಟರ್ ಸೊನ್ನೆಗೆ ತಾ, ಓಡಿಸು, ಮತ್ತೆ ಫುಲ್ ಮಾಡಿಸು. ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಖರ್ಚಾದದ್ದು. ಕೇಳಲು ಸುಲಭ. ಕಷ್ಟ ಇರುವುದು 'ಫುಲ್' ಅನ್ನುವುದು ಪ್ರತಿ ಸಲ ಒಂದೇ ಮಟ್ಟಕ್ಕೆ ಬರುವುದರಲ್ಲಿ. ನಮ್ಮ ಬಂಕಿನ ಹುಡುಗರಿಗೆ ಆಟೋ ಕಟ್ ಆದಮೇಲೂ ಒತ್ತಿ ಒತ್ತಿ ಬಿಲ್ಲನ್ನು ರೌಂಡ್ ಮಾಡುವುದು ಅಭ್ಯಾಸ.

"ರೌಂಡ್ ಮಾಡ್ಲಾ ಸಾರ್?"

"ಬೇಡಪ್ಪಾ, ಕಟ್ ಆದ ತಕ್ಷಣ ನಿಲ್ಸು."

"ಚಿಲ್ರೆ ಬರುತ್ತೆ ಸಾರ್."

ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಕಾಲದಲ್ಲೂ ಚಿಲ್ಲರೆಯ ಚಿಂತೆ! ಈಗ ಒಂದೇ ಬಂಕು, ಒಂದೇ ಪಂಪು, ಮೊದಲ ಕಟ್‌ಗೆ ನಿಲ್ಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ಅಷ್ಟಾದರೂ ಅರ್ಧ, ಮುಕ್ಕಾಲು ಲೀಟರ್ ಆಚೀಚೆ ಆಗಬಹುದು. 25 ಲೀಟರಿನಲ್ಲಿ ಅರ್ಧ ಲೀಟರ್ ಅಂದರೆ ಶೇ. 2. ಅದಕ್ಕೇ ಒಂದು ಟ್ಯಾಂಕಿನ ಲೆಕ್ಕವನ್ನು ನಾನು ನಂಬುವುದಿಲ್ಲ. ನಾಲ್ಕೈದು ಟ್ಯಾಂಕ್ ಕೂಡಿಸಿದರೆ ಮೊದಲ ಮತ್ತು ಕೊನೆಯ ಫುಲ್‌ನ ಏರುಪೇರು ಮಾತ್ರ ಉಳಿಯುತ್ತದೆ, ನಡುವಿನದೆಲ್ಲ ಹೊಡೆದುಹೋಗುತ್ತದೆ.

ಕೂಡಿಸುವುದರಲ್ಲೂ ಒಂದು ಮಾತಿದೆ. ಪ್ರತಿ ಟ್ಯಾಂಕಿನ ಮೈಲೇಜ್ ಕೂಡಿಸಿ ಭಾಗಿಸಬಾರದು. 100 ಕಿಲೋಮೀಟರ್ 10ರ ಲೆಕ್ಕದಲ್ಲಿ, ಇನ್ನೊಂದು 100 ಕಿಲೋಮೀಟರ್ 20ರ ಲೆಕ್ಕದಲ್ಲಿ ಓಡಿದರೆ ಸರಾಸರಿ 15 ಅಲ್ಲ. ಹೋದದ್ದು 15 ಲೀಟರ್, ಓಡಿದ್ದು 200 ಕಿಲೋಮೀಟರ್. ಉತ್ತರ 13.3.

ಪಂಪಿನ ಮೇಲೆ ಅನುಮಾನ ಇದ್ದವರಿಗೆ: ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು. ಕೇಳಿದರೆ ಅಳೆದು ತೋರಿಸಬೇಕು. ನಾನು ಕೇಳಿದೆ, ತೋರಿಸಿದರು, ಸರಿಯಾಗಿತ್ತು.

ಜುಲೈ

ಲೀಟರ್ ಆಯಿತು, ಇನ್ನು ಕಿಲೋಮೀಟರ್. ಮೈಸೂರು ಹೆದ್ದಾರಿಯಲ್ಲಿ ಹೋಗುವಾಗ ಓಡೋಮೀಟರನ್ನು ಕಿಲೋಮೀಟರ್ ಕಲ್ಲಿನ ಜೊತೆಗೂ ಫೋನಿನ ಜಿಪಿಎಸ್ ಜೊತೆಗೂ ಹೋಲಿಸಿದೆ. ಮೀಟರು 100 ಎಂದಾಗ ನಿಜಕ್ಕೆ 98 ಚಿಲ್ಲರೆ. ಟೈರ್ ಸವೆದಷ್ಟೂ ಸುತ್ತಳತೆ ಕಡಿಮೆಯಾಗಿ ಮೀಟರು ಇನ್ನಷ್ಟು ಜಾಸ್ತಿ ತೋರಿಸುತ್ತದೆ. ಈ ತಿದ್ದುಪಡಿ ಸೇರಿಸಿಯೇ ಮುಂದಿನ ಲೆಕ್ಕವೆಲ್ಲ.

ಓಬಿಡಿ ಡಾಂಗಲ್ ಒಂದನ್ನೂ ಸಿಕ್ಕಿಸಿ ನೋಡಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿದರೆ ಫೋನಿನ ಆ್ಯಪ್‌ಗೆ ಎಂಜಿನ್ನಿನ ಲೆಕ್ಕ ಬರುತ್ತದೆ. ಇಲ್ಲಿ ತಿಳಿದಿರಬೇಕಾದ್ದು: ಹೆಚ್ಚಿನ ಆ್ಯಪ್‌ಗಳು ಪೆಟ್ರೋಲನ್ನು ನೇರವಾಗಿ ಅಳೆಯುವುದಿಲ್ಲ. ಎಂಜಿನ್ ಎಷ್ಟು ಗಾಳಿ ಎಳೆದುಕೊಂಡಿತು ಅಂತ ನೋಡಿ, 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಎಂದು ಭಾಗಿಸುತ್ತವೆ. ಅದು ಶುದ್ಧ ಪೆಟ್ರೋಲಿನ ಅನುಪಾತ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ಅದಕ್ಕೆ ಅನುಪಾತ 13.5ರ ಹತ್ತಿರ. ಹಾಗಾಗಿ ಆ್ಯಪ್ ಸುಮಾರು ಶೇ. 8 ಕಡಿಮೆ ಖರ್ಚು ತೋರಿಸಿ ಖುಷಿಪಡಿಸುತ್ತದೆ. ಚಿಕ್ಕ ಕಾರುಗಳಲ್ಲಿ ಬಹಳಷ್ಟಕ್ಕೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರೂ ಇರುವುದಿಲ್ಲ, ಒತ್ತಡದಿಂದ ಅಂದಾಜು ಮಾಡುತ್ತವೆ. ಡಾಂಗಲ್ ಈಗ ಡ್ರಾಯರಿನಲ್ಲಿದೆ.

ಎಥನಾಲ್ ಬಗ್ಗೆ ಆಫೀಸಿನಲ್ಲಿ ದಿನಾ ಜಗಳ. ಲೆಕ್ಕ ಸರಳ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ, ಲೀಟರ್ ಎಥನಾಲಿನಲ್ಲಿ 21. ಶೇ. 20 ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಶೇ. 7ರಷ್ಟು ಕಡಿಮೆ, ಮೊದಲು ಇದ್ದ ಶೇ. 10ರ ಮಿಶ್ರಣಕ್ಕಿಂತ ಮೂರೂವರೆಯಷ್ಟು. ಆ ಮೂರೂವರೆ ನನ್ನ ಗಾಡಿಗೆ ಲೀಟರಿಗೆ 350 ಮೀಟರ್. ಅದು ನಷ್ಟವೇ, ಸಣ್ಣದೇನಲ್ಲ. ಆದರೆ 20 ಇದ್ದದ್ದು 10 ಆಗುವುದಕ್ಕೆ ಅದೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ.

ಆಗಸ್ಟ್

ಈ ತಿಂಗಳು ಲೆಕ್ಕ ಕುತೂಹಲದ ಜಾಗಕ್ಕೆ ಬಂತು. ಎರಡು ಟ್ಯಾಂಕ್ ಪಕ್ಕಪಕ್ಕ ಇಟ್ಟೆ. ಒಂದು ಪೂರ್ತಿ ಸಿಟಿಯದು: 300 ಕಿಲೋಮೀಟರ್, 30 ಲೀಟರ್. ಡ್ಯಾಶ್‌ಬೋರ್ಡ್ ತೋರಿಸಿದ ಸರಾಸರಿ ವೇಗದಿಂದ ಲೆಕ್ಕ ಹಾಕಿದರೆ ಎಂಜಿನ್ 17 ಗಂಟೆ ಓಡಿದೆ. ಇನ್ನೊಂದು ಚಾಮರಾಜನಗರದ ಮಾವನ ಮನೆಗೆ ಹೋಗಿ ಬಂದದ್ದು: 380 ಕಿಲೋಮೀಟರ್, 24 ಲೀಟರ್, 6 ಗಂಟೆ.

ಪೆಟ್ರೋಲ್ ಎರಡು ರೀತಿ ಖರ್ಚಾಗುತ್ತದೆ ಅಂದುಕೊಳ್ಳಿ: ಗಂಟೆಗೆ ಇಷ್ಟು, ಕಿಲೋಮೀಟರಿಗೆ ಇಷ್ಟು. ಗೊತ್ತಿಲ್ಲದ ಸಂಖ್ಯೆ ಎರಡು, ಟ್ಯಾಂಕೂ ಎರಡು. ಹೈಸ್ಕೂಲಿನ ಸಮೀಕರಣ ಸಾಕು. ಉತ್ತರ: ಗಂಟೆಗೆ 0.9 ಲೀಟರ್, ಕಿಲೋಮೀಟರಿಗೆ 49 ಎಂಎಲ್.

ಹಾಗಾದರೆ ಸಿಟಿಯ 30 ಲೀಟರಿನಲ್ಲಿ 15 ಲೀಟರ್ ಹೋದದ್ದು ಸುಮ್ನೆ ಗಡಿಯಾರಕ್ಕೆ! ದೂರಕ್ಕೆ ಸುಟ್ಟದ್ದು ಉಳಿದರ್ಧ ಮಾತ್ರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ 15 ಎಂಎಲ್, ಒಂದೂವರೆ ರೂಪಾಯಿ. ಆಟೋ ಮೀಟರಿನ ವೇಟಿಂಗ್ ಚಾರ್ಜ್ ಇದ್ದ ಹಾಗೆ.

ಇದು ಒರಟು ಲೆಕ್ಕ ಅನ್ನುವುದು ಗೊತ್ತಿದೆ. ನಿಂತು ಹೊರಡುವಾಗ ಆಕ್ಸಿಲರೇಟರ್ ಒತ್ತುವ ಖರ್ಚು ಆ 0.9ರ ಒಳಗೇ ಅಡಗಿದೆ. ಹೆದ್ದಾರಿಯಲ್ಲಿ 49 ಎಂಎಲ್ ಸ್ಥಿರವಲ್ಲ. ಗಾಳಿಯ ಎದುರೊತ್ತಡ ವೇಗದ ವರ್ಗದಂತೆ ಏರುತ್ತದೆ, 80ರಲ್ಲಿ ಇದ್ದದ್ದು 100ರಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ. ನಾನು 80 ದಾಟಿದ್ದು ಕಡಿಮೆ.

ಮಾವ ಕೇಳಿದ್ದು ಒಳ್ಳೆಯ ಪ್ರಶ್ನೆ: "ಬರುವಾಗ ಏರು ಅಲ್ವಾ, ಜಾಸ್ತಿ ಕುಡಿಯಲ್ವಾ?" ಮೈಸೂರನ್ನೇ ಹೋಲಿಕೆಗೆ ಇಟ್ಟುಕೊಂಡರೆ, ಬೆಂಗಳೂರು ಅದಕ್ಕಿಂತ ಸುಮಾರು 150 ಮೀಟರ್ ಎತ್ತರದಲ್ಲಿದೆ. ಜನ ಸೇರಿ 1200 ಕೆಜಿ ಗಾಡಿಯನ್ನು ಅಷ್ಟು ಎತ್ತಲು ಬೇಕಾದದ್ದು 1.8 ಮೆಗಾಜೌಲ್. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಚಕ್ರಕ್ಕೆ ಸಿಕ್ಕಿತು ಎಂದರೂ ಕಾಲು ಲೀಟರಿನೊಳಗೆ ಮುಗಿಯುತ್ತದೆ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿ ಎಸಿ ಓಡಿಸುತ್ತಾ ಕೂತರೆ ಅದಕ್ಕೂ ಹತ್ತಿರ ಬರುತ್ತದೆ.

ಸೆಪ್ಟೆಂಬರ್

ಎರಡು ಸಂಖ್ಯೆ ಸಿಕ್ಕಮೇಲೆ ಬಹಳ ದಿನದ ಪ್ರಶ್ನೆಯೊಂದಕ್ಕೆ ಹಚ್ಚಿದೆ. ಸಂಜೆ ಸಿಲ್ಕ್ ಬೋರ್ಡ್ ಮೇಲೆ ಬರುವುದೋ, ಟೋಲ್ ಇರುವ ನೈಸ್ ರಸ್ತೆ ಹಿಡಿದು ಕನಕಪುರ ರಸ್ತೆಗೆ ಇಳಿಯುವುದೋ? ಮೊದಲನೆಯದು 17 ಕಿಲೋಮೀಟರ್, ಸಂಜೆ ಒಂದು ಗಂಟೆಯ ಮೇಲೆ. ಎರಡನೆಯದು ಐದಾರು ಕಿಲೋಮೀಟರ್ ಜಾಸ್ತಿ, 40 ನಿಮಿಷದ ಆಸುಪಾಸು.

ಸಿಲ್ಕ್ ಬೋರ್ಡ್ ದಾರಿಗೆ 1.8 ಲೀಟರ್, ನೈಸ್‌ಗೆ 1.7. ಮೈಲೇಜ್ ನೋಡಿದರೆ ಒಂದು 9 ಚಿಲ್ಲರೆ, ಇನ್ನೊಂದು 13. ಡ್ಯಾಶ್‌ಬೋರ್ಡ್ ನೈಸ್ ರಸ್ತೆಯಲ್ಲಿ ಬೆನ್ನು ತಟ್ಟುತ್ತದೆ, ಆದರೆ ಟ್ಯಾಂಕಿನಿಂದ ಹೋಗುವ ಪೆಟ್ರೋಲ್ ಹೆಚ್ಚುಕಡಿಮೆ ಅಷ್ಟೇ. ಮೇಲಿನಿಂದ ಟೋಲ್ ಬೇರೆ. ಉಳಿದದ್ದು ಸಮಯ ಮಾತ್ರ. ಅದಕ್ಕೆ ಟೋಲ್ ಕೊಡಬಹುದು, ಕೊಡುತ್ತಲೂ ಇದ್ದೇನೆ, ಆದರೆ ಪೆಟ್ರೋಲ್ ಉಳಿಸುತ್ತಿದ್ದೇನೆ ಅಂತ ಇನ್ನು ಹೇಳಿಕೊಳ್ಳುವಂತಿಲ್ಲ. ಈಗ ಪುಸ್ತಕದಲ್ಲಿ 'ಒಂದು ಸಲಕ್ಕೆ ಎಷ್ಟು ಲೀಟರ್' ಅನ್ನುವ ಕಾಲಂ ಮೊದಲು, ಮೈಲೇಜ್ ಆಮೇಲೆ.

ಅಕ್ಟೋಬರ್

ನಾಲ್ಕೈದು ಟ್ಯಾಂಕಿನ ಒಟ್ಟು ಲೆಕ್ಕ, ಓಡೋಮೀಟರ್ ತಿದ್ದಿ: ಸಿಟಿ 10, ಹೆದ್ದಾರಿ 16. ಡ್ಯಾಶ್‌ಬೋರ್ಡ್ ಎರಡರಲ್ಲೂ ಶೇ. 10ರಷ್ಟು ಜಾಸ್ತಿಯೇ ಹೇಳುತ್ತದೆ. ಪ್ರತಿ ಸಲ ಅಷ್ಟೇ ಹೇಳುವುದರಿಂದ ಅದನ್ನು ಕಳೆದು ಓದಿದರೆ ಕೆಲಸಕ್ಕೆ ಬರುತ್ತದೆ.

ಆಗಸ್ಟ್ 10ಕ್ಕೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಉದ್ಘಾಟನೆಯಾಗಿದೆ. ಸಿಲ್ಕ್ ಬೋರ್ಡ್ ಮೇಲೆಯೇ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. "ಲೆಕ್ಕ ಬರೆಯೋದಕ್ಕೋಸ್ಕರ ಕಾರ್ ತಗೊಂಡು ಹೋಗ್ತೀರಾ?" ಅಂತ ಮನೆಯಲ್ಲಿ ಕೇಳಿದರು. ವಾರಕ್ಕೆ ಎರಡು ದಿನ ಈಗ ಮೆಟ್ರೋ. ಉಳಿದ ದಿನಗಳಲ್ಲಿ ಟೈರಿನ ಗಾಳಿಯ ಪರೀಕ್ಷೆ: ಒಂದು ಟ್ಯಾಂಕ್ ಬಾಗಿಲ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿಗೆ, ಇನ್ನೊಂದು ಅದಕ್ಕಿಂತ 3 ಪಿಎಸ್‌ಐ ಜಾಸ್ತಿಗೆ. ವ್ಯತ್ಯಾಸ ಶೇ. 2ರ ಒಳಗಿದ್ದರೆ ನನ್ನ ವಿಧಾನಕ್ಕೆ ಅದು ಕಾಣುವುದಿಲ್ಲ. ಆಗ ಇನ್ನೂ ನಾಲ್ಕು ಟ್ಯಾಂಕ್ ಓಡಿಸಬೇಕು.